ಕೊನೆಯ ಚೆಂಡಿನ ಗುರುತು

ನನ್ನ ಹೆಸರು ಜೀವನಕುಮಾರ, ತಂದೆಯ ಹೆಸರು ಜೇಮ್ಸ. ವಯಸ್ಸು 68. ನಿವೃತ್ತ ಪ್ರೌಢಶಾಲಾ ಇತಿಹಾಸ ಶಿಕ್ಷಕ. ವಾಸ ಮಂಗಲಪೇಟ, ಬೀದರ. ಇಂದು ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಪೊಲೀಸ್ ಠಾಣೆಗೆ ಖುದ್ದಾಗಿ ಬಂದು ಬರೆಸುತ್ತಿರುವುದೇನೆಂದರೆ,

ನಾನು 2006ರಿಂದ ನಮ್ಮ ಓಣಿಯ ಕೆಂಪು ಮುರುಮಿನ ಮಣ್ಣು ಹಾಸಿದ ಟೆನಿಸ್ ಅಂಗಳದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ. ಈಗ ವೃತ್ತಿಪರ ಟೆನಿಸ್ ಆಡುತ್ತಿರುವ ನಮ್ಮ ಓಣಿಯ ಗ್ಲೋರಿ (25) ಮತ್ತು ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿದ್ದು ಓದಿದ, ಭಾಲ್ಕಿ ತಾಲೂಕು ಸಾಯಗಾಂವದ ಮಂಜಿರಿ (26) ಇಬ್ಬರೂ ನನ್ನ ಶಿಷ್ಯೆಯರು. 2009ರ ಜೂನ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ರ‍್ಯಾಕೆಟ್ ಇತ್ತು. ಒಬ್ಬಳು ಆಡಿದರೆ ಇನ್ನೊಬ್ಬಳು ಚೆಂಡು ಹೆಕ್ಕುತ್ತಿದ್ದಳು.

ಕಳೆದ ನಾಲ್ಕು ವರ್ಷಗಳಲ್ಲಿ ಅವರು ಏಳು ಸಲ ಎದುರಾಗಿದ್ದಾರೆ. ಗ್ಲೋರಿ ನಾಲ್ಕು, ಮಂಜಿರಿ ಮೂರು ಗೆದ್ದಿದ್ದಾರೆ. ಪುಣೆಯ ಪಂದ್ಯದ ನಂತರ ಕೈ ಕುಲುಕುವುದನ್ನೂ ಬಿಟ್ಟರು. ಚೆಂಡು ಹೊಡೆಯುವಾಗ ಮಂಜಿರಿಯ ಬಾಯಿಂದ ಬರುವ ಸದ್ದನ್ನು ಗ್ಲೋರಿ ಎಲ್ಲರೆದುರು ಅಣಕಿಸಿದಳು. ಗ್ಲೋರಿ ಗೆಲ್ಲುವುದು ಅಂಪೈರ್‌ಗಳ ಕೃಪೆಯಿಂದ ಎಂದು ಮಂಜಿರಿ ಮೈಕಿನಲ್ಲಿ ಹೇಳಿದಳು. ಅಂದಿನಿಂದ ಇಬ್ಬರ ಹೆಸರಿನಲ್ಲೂ ಮೊಬೈಲಿನಲ್ಲಿ ಅಭಿಮಾನಿ ಬಳಗಗಳು ಹುಟ್ಟಿಕೊಂಡವು. ನಮ್ಮ ಓಣಿಯ ಅಂಗಳಕ್ಕೆ ಒಂದು ನಲ್ಲಿ ಹಾಕಿಸಿರೆಂದು ನಾನು ಹನ್ನೆರಡು ವರ್ಷಗಳಲ್ಲಿ ಒಂಬತ್ತು ಅರ್ಜಿ ಬರೆದಿದ್ದೇನೆ, ಪ್ರತಿಗಳು ನನ್ನ ಬಳಿ ಇವೆ. ಒಂದು ಅರ್ಜಿಗೂ ಸಹಿ ಹಾಕಲು ಮುಂದೆ ಬಾರದ ಜನ, ಚೆಂಡು ಬಿದ್ದದ್ದು ಗೆರೆಯ ಒಳಗೋ ಹೊರಗೋ ಎಂಬುದಕ್ಕಾಗಿ ಎರಡು ಪಾಳಯವಾದರು.

ದಿನಾಂಕ 8-2-2025, ಶನಿವಾರ ಸಂಜೆ 4 ಗಂಟೆಗೆ ಅದೇ ಅಂಗಳದಲ್ಲಿ ಅವರಿಬ್ಬರ ಪಂದ್ಯವಿತ್ತು. ಗೆದ್ದವಳಿಗೆ ಬರುವ ತಿಂಗಳ ದೊಡ್ಡ ಪಂದ್ಯಾವಳಿಗೆ ನೇರ ಪ್ರವೇಶ. ಅಂಪೈರ್ ಯಾರಾಗಬೇಕು ಎಂಬ ಒಂದೇ ವಿಷಯದಲ್ಲಿ ಇಬ್ಬರೂ ಒಪ್ಪಿದ್ದರು. ನಾನು ಕುರ್ಚಿ ಹತ್ತಿದೆ.

ಮುರುಮಿನ ನೆಲದಲ್ಲಿ ಚೆಂಡು ಬಿದ್ದಲ್ಲಿ ಎರಡು ಬೆರಳಗಲ ಗುರುತು ಮೂಡುತ್ತದೆ. ಪ್ರತಿ ಅಂಕ ಮುಗಿದ ಮೇಲೆ ತನ್ನ ಕಡೆಯ ಗುರುತನ್ನು ಆಟಗಾರ್ತಿ ಎಡಗಾಲಿನಿಂದ ಉಜ್ಜಿ ಅಳಿಸಿಯೇ ಮುಂದಿನ ಆಟಕ್ಕೆ ನಿಲ್ಲಬೇಕು. ಈ ರೂಢಿ ಹಾಕಿಕೊಟ್ಟವನು ನಾನು. ಸಂಶಯ ಬಂದಾಗ ಕಾಣುವ ಗುರುತು ಒಂದೇ ಇರಲಿ ಎಂಬುದು ಇದರ ಉದ್ದೇಶ.

6 ಗಂಟೆ 5 ನಿಮಿಷಕ್ಕೆ ಗ್ಲೋರಿಗೆ ಗೆಲ್ಲಲು ಒಂದು ಅಂಕ ಸಾಕಿತ್ತು. ಮಂಜಿರಿ ಹೊಡೆದ ಚೆಂಡು ಗ್ಲೋರಿಯ ಹಿಂದಿನ ಎಡ ಮೂಲೆಗೆ ಬಿತ್ತು. ಒಳಗೆಂದು ಅರ್ಧ ಜನ, ಹೊರಗೆಂದು ಅರ್ಧ ಜನ ಕೂಗಿದರು. ನಾನು ಇಳಿದು ಹೋಗಿ ಗೆರೆಯಿಂದ ನಾಲ್ಕು ಬೆರಳು ಆಚೆ ಇದ್ದ ಗುರುತನ್ನು ತೋರಿಸಿ ಚೆಂಡು ಹೊರಗೆಂದೆ. ಗ್ಲೋರಿ ಗೆದ್ದಳು.

ಮರುದಿನ ಬೆಳಿಗ್ಗೆ 8 ಗಂಟೆಗೆ ಗ್ಲೋರಿಯ ತಾಯಿ ಕ್ರಿಸ್ಟಿನಾ ಕರೆದರೆಂದು ಹೋಗಿ ನೋಡಿದೆ. ಅವರ ಗೇಟಿಗೆ ಯಾರೋ ತಂತಿಗಳನ್ನೆಲ್ಲ ಕತ್ತರಿಸಿದ ರ‍್ಯಾಕೆಟ್ ತೂಗುಹಾಕಿದ್ದರು. ಅದೇ ದಿನ ಸಂಜೆ 4 ಗಂಟೆ 15 ನಿಮಿಷಕ್ಕೆ ಮಂಜಿರಿ ನನಗೆ ಫೋನ್ ಮಾಡಿ, ಗುರುತನ್ನು ನಾನೇ ಕಣ್ಣಾರೆ ನೋಡಿದ್ದು ನಿಜವಾದರೆ ತಾನು ಸುಮ್ಮನಾಗುವುದಾಗಿ ಹೇಳಿದಳು. ನೋಡಿದ್ದೇನೆ ಎಂದೆ.

ಗುರುವಾರ ಗ್ಲೋರಿಗೆ ಹೈದರಾಬಾದಿನಿಂದ ವಿಮಾನ. ಅಲ್ಲಿಯವರೆಗೆ ಠಾಣಾ ಕುಶನೂರು ಎಂಬ ಊರಿನಲ್ಲಿ ನರ್ಸ್ ಆಗಿರುವ ಆಕೆಯ ಚಿಕ್ಕಮ್ಮ ಕ್ಯಾಥರಿನ ಅವರ ಮನೆಯಲ್ಲಿರಲಿ ಎಂದು ಇಂದು ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ನನ್ನ ಕಾರಿನಲ್ಲಿ ಹೊರಟೆವು. ಊರು ದಾಟಿದ ಮೇಲೆ ನಂಬರ್ ಪ್ಲೇಟ್ ಇಲ್ಲದ ಕಪ್ಪು ಜೀಪೊಂದು ಹಿಂದೆ ಬಂತು. ನಾನು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು. ಗ್ಲೋರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು.

ಸಂತಪುರ ದಾಟಿ ಸುಮಾರು 3 ಕಿ.ಮೀ. ಹೋದಾಗ, 11 ಗಂಟೆ 25 ನಿಮಿಷಕ್ಕೆ, ಎರಡೂ ಕಡೆ ಕೊಯ್ದ ತೊಗರಿಯ ಹೊಲಗಳಿರುವ ಜಾಗದಲ್ಲಿ ಜೀಪು ಮುಂದೆ ಬಂದು ಅಡ್ಡ ನಿಂತಿತು. ಮೂವರು ಇಳಿದರು. ಇಬ್ಬರ ಗುರುತು ನನಗಿಲ್ಲ. ಮೂರನೆಯವನು ಮಂಜಿರಿಯ ಅಣ್ಣ ಮಕರಂದ. ನನ್ನ ಎಂಟನೆಯ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಇಂದು ಅವನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು. ಅವನು ನನಗೆ ನಮಸ್ಕಾರ ಮಾಡಿ,

"ಸರ್, ನಿಮ್ಮ ಕೂಡ ನಮ್ದೇನಿಲ್ಲರಿ. ಚೆಂಡ ಒಳಗ ಬಿದ್ದಿತ್ತಂತ ಆಕಿ ಮೊಬೈಲ್ ಮುಂದ ಹೇಳ್ಲಿ, ರೋಡ್ ಬಿಡ್ತೇವಿ" ಎಂದನು.

ಗ್ಲೋರಿ ಗಾಜನ್ನು ಸ್ವಲ್ಪವೇ ಇಳಿಸಿ, "ನಾ ಆಕಡಿ ಓಡ್ತಿದ್ದೆ, ನೋಡಿಲ್ಲ. ಸರ್ ನೋಡ್ಯಾರ. ಸರ್ ಸುಳ್ಳ ಹೇಳೋ ಮಂದಿ ಅಲ್ಲ" ಎಂದಳು.

ಮಕರಂದ ನನ್ನ ಮುಖ ನೋಡಿದನು. ನಾನು ಸ್ಟೀರಿಂಗ್ ಕಡೆ ನೋಡಿದೆ. ಅವನು ರಾಡ್‌ನಿಂದ ಗಾಜು ಒಡೆದು ಗ್ಲೋರಿಯ ಬಲಗೈ ಮಣಿಕಟ್ಟು ಹಿಡಿದು ಹೊರಗೆ ಎಳೆದನು. ಅಷ್ಟರಲ್ಲಿ ಎದುರಿನಿಂದ ಬಂದ ಬಸ್ಸು ಹಾರ್ನ್ ಹಾಕಿ ನಿಂತಿತು. ಕೈ ಬಿಡುವ ಮುನ್ನ ಅವನು, "ಗುರುವಾರದ ಒಳಗ ಹೇಳ್ಲಿಲ್ಲಂದ್ರ ಈ ಕೈ ಮತ್ತ ರ‍್ಯಾಕೆಟ್ ಹಿಡಿಯಂಗಿಲ್ಲ" ಎಂದನು. ದನಿ ಏರಿಸಲಿಲ್ಲ. ಜೀಪು ಬೀದರದ ಕಡೆ ಹೋಯಿತು. ನಾವು ಠಾಣಾ ಕುಶನೂರು ತಲುಪಿದ ಮೇಲೆ ಕ್ಯಾಥರಿನ ಅವರು ಗ್ಲೋರಿಯ ಕೈಯಿಂದ ಐದು ಗಾಜಿನ ಚೂರು ತೆಗೆದಿದ್ದಾರೆ. ಮೂಳೆಗೆ ಪೆಟ್ಟಾಗಿಲ್ಲ.

ಇನ್ನೊಂದು ವಿಷಯ ಬರೆದುಕೊಳ್ಳಬೇಕು. ಭಾನುವಾರ ಬೆಳಿಗ್ಗೆ 6 ಗಂಟೆ 30 ನಿಮಿಷಕ್ಕೆ ನಾನು ಎಂದಿನಂತೆ ಅಂಗಳದ ನೆಲ ಸಮ ಮಾಡಲು ಗೋಣಿತಟ್ಟು ಎಳೆಯಲು ಹೋದಾಗ ಆ ಮೂಲೆಯಲ್ಲಿ ಎರಡು ಗುರುತುಗಳಿದ್ದವು. ಒಂದು ನಾನು ತೋರಿಸಿದ್ದು. ಇನ್ನೊಂದು ಗೆರೆಯನ್ನು ಮುಟ್ಟಿತ್ತು. ಹಿಂದಿನ ಸಂಜೆ ಒಂದು ಗುರುತು ಕಂಡೊಡನೆ ನಾನು ಬೇರೆ ಹುಡುಕಿರಲಿಲ್ಲ. ಆಗ ನೆನಪಾಯಿತು. ಎರಡು ಅಂಕಗಳ ಹಿಂದೆ ಮಂಜಿರಿಯ ಒಂದು ಚೆಂಡು ಅದೇ ಮೂಲೆಯಲ್ಲಿ ಹೊರಗೆ ಬಿದ್ದಿತ್ತು. ಆಗ ಇಬ್ಬರೂ ನೆಟ್ ಬಳಿ ಜಗಳಕ್ಕೆ ನಿಂತಿದ್ದರು. ನಾನು ಕುರ್ಚಿಯಿಂದ ಗದರಿ, ಕೂಡಲೇ ಆಟ ಶುರುಮಾಡಲು ಹೇಳಿದ್ದೆ. ಗ್ಲೋರಿಗೆ ಆ ಗುರುತು ಅಳಿಸಲು ನಾನು ಬಿಡುವು ಕೊಡಲಿಲ್ಲ. ಅಂದರೆ ಗೆರೆ ಮುಟ್ಟಿದ ಗುರುತೇ ಕೊನೆಯ ಚೆಂಡಿನದು, ಅದು ಒಳಗೆ ಬಿದ್ದಿತ್ತು.

ಎರಡೂ ಗುರುತುಗಳ ಮೇಲೆ ಗೋಣಿತಟ್ಟು ಎಳೆದು ಅಳಿಸಿದೆ. ಮಂಜಿರಿ ಫೋನ್ ಮಾಡಿದಾಗ ಇದು ನನಗೆ ಗೊತ್ತಿತ್ತು. ಇಂದು ಮಕರಂದ ನನ್ನ ಮುಖ ನೋಡಿದಾಗಲೂ ಗೊತ್ತಿತ್ತು.

ನನ್ನ ತಪ್ಪಿನಿಂದ ರಾಡ್ ಹಿಡಿದವರ ತಪ್ಪು ಕಡಿಮೆಯಾಗುವುದಿಲ್ಲ. ಅವರ ಮೇಲೆ ಕ್ರಮ ಕೈಗೊಳ್ಳಬೇಕು. ಗುರುವಾರದವರೆಗೆ ಗ್ಲೋರಿಗೆ ರಕ್ಷಣೆ ಕೊಡಬೇಕು. ಮಂಜಿರಿಯ ಮೇಲೆ ನನಗೆ ಸಂಶಯವಿಲ್ಲ. ಈ ಹೇಳಿಕೆಯ ಒಂದು ಪ್ರತಿ ಆಕೆಗೆ ತಲುಪಬೇಕು.

ಗ್ಲೋರಿ ಹೊರಗಿನ ಬೆಂಚಿನ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದಾಳೆ. ಆಕೆಗೆ ಇದನ್ನು ಹೇಳಲು ನನ್ನಿಂದ ಆಗಿಲ್ಲ. ಆದ್ದರಿಂದ ಬರೆದುಕೊಂಡ ಅಧಿಕಾರಿಯು ಈ ಹೇಳಿಕೆಯನ್ನು ನನಗೆ ಓದಿ ಹೇಳುವಾಗ ಬಾಗಿಲು ತೆರೆದಿಟ್ಟು, ಆಕೆಗೆ ಕೇಳುವಂತೆ ಗಟ್ಟಿಯಾಗಿ ಓದಬೇಕೆಂದು ಕೋರಿದೆ. ಹಾಗೆಯೇ ಓದಿದರು. ಬರೆಸಿದ್ದೆಲ್ಲ ನಾನು ಕಂಡದ್ದು ಮತ್ತು ನಾನು ಮಾಡಿದ್ದು, ತಿದ್ದುವುದೇನೂ ಇಲ್ಲವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣಾ ಕುಶನೂರ
ದಿನಾಂಕ: 10-2-2025
(ಸಹಿ) ಜೀವನಕುಮಾರ