ಗೇರ್ ಗಾಡಿನೇ ತಗಳಾಣ ಕಣೆ

ಅಲ್ಲ ಕಣೆ ತ್ರಿವೇಣಿ, ನಗೋದಾದ್ರೆ ಜೋರಾಗಿ ನಕ್ಕುಬಿಡು. ಹಂಗೆ ತುಟಿ ಒಳಗೇ ನಕ್ರೆ ನಂಗೆ ಮೈಯೆಲ್ಲಾ ಉರಿತೈತೆ. ಏನ್ ತಪ್ಪು ಹೇಳ್ದೆ ಈಗ? ಬೈಕ್ ತಗಳಾಣ ಅಂದೆ. ಬೈಕು! ಗೇರ್ ಇರೋದು. ದೊಡ್ಡದಲ್ಲವ್ವ, ಆ ಗುಡುಗುಡು ಅಂತ ಬೀದಿನೆಲ್ಲ ಎಬ್ಬಿಸೋ ಗಾಡಿ ನಂಗ್ಯಾಕೆ... ಹಗುರದ್ದು. ಸಣ್ಣ ಇಂಜಿನ್ನು. ಶೋರೂಮಿನವ್ನೂ ಅದೇ ಅಂದ. "ಯಜಮಾನ್ರೇ, ನಿಮ್ಮ ವಯಸ್ಸಿಗೆ ಇದೇ ಸರಿ" ಅಂದ. ವಯಸ್ಸಿನ ಮಾತು ಯಾಕ್ ತಂದ್ನೋ ಗೊತ್ತಿಲ್ಲ. ಅದೊಂದು ಹಿಡಿಸ್ಲಿಲ್ಲ.

ಹೂಂ... ನಕ್ಕೆ ನೋಡು. ನಗು, ನಗು.

ಹೂ ಕಟ್ಕಂತಾನೇ ಕೇಳು. ರಾಹುಕಾಲ ಕಳೀತಿದ್ದಂಗೇ ಹೊರಡ್ಬೇಕು, ಅಷ್ಟರೊಳಗೆ ಒಂದು ತೀರ್ಮಾನ ಆಗ್ಲಿ. ಸ್ಕೂಟರೋ, ಬೈಕೋ? ಶೋರೂಮಿನವ್ನು ಎರಡನ್ನೂ ಒರೆಸಿ ಇಟ್ಟಿರ್ತೀನಿ, ಇವತ್ತೇ ಹೊಡ್ಕಂಡ್ ಹೋಗಿ ಅಂದಾನೆ. ಅಲ್ಲಿ ಹೋಗಿ ನೀನೊಂದು ನಾನೊಂದು ಅಂತ ಕಿತ್ತಾಡೋಕಾಗಲ್ಲ. ದೀಪಿಕಾ ತನ್ನ ಸ್ಕೂಟರ್ ತಗಂಡು ದಾವಣಗೆರೆಗೆ ಹೋದ್ಲು. ಮಗಳ ಗಾಡಿ, ಮಗಳು ತಗಂಡ್ ಹೋದ್ಲು, ಬ್ಯಾಡ ಅನ್ನೋಕಾಗ್ತೈತಾ? ಆದ್ರೆ ನಿನ್ನೆ ಭಾನುವಾರ ಹೆಂಗ್ ಕಳೀತು ಹೇಳು! ನೀನು ಆ ಕುರ್ಚೀಲಿ, ನಾನು ಈ ಕುರ್ಚೀಲಿ. ಟಿವಿಲಿ ಯಾರೋ ಪಲ್ಯ ಮಾಡೋದು ನೋಡ್ಕಂಡು ಕೂತಿದ್ವಿ. ಭಾನುವಾರ ಅಂದ್ರೆ ನಂಗೆ ಈಗ ಕುದಾಪುರದ ಬಯಲು ಕಣೆ. ನಾಯಕನಹಟ್ಟಿ ಚಾ. ಮನಸ್ಸು ಬಂದ್ರೆ ಮೊಳಕಾಲ್ಮೂರು ತನಕ. ಕೆಲ್ಸ ಇಲ್ಲ, ಕಾರ್ಯ ಇಲ್ಲ, ಸುಮ್ನೆ ಸುತ್ತೋದು. ಮಗಳ ಸ್ಕೂಟರಲ್ಲಿ ಹಿಂದೆ ಕೂರಿಸ್ಕಂಡು, ಈ ವಯಸ್ಸಲ್ಲಿ ಈ ಚಟ ಹಚ್ಚಿದೋಳು ನೀನೇ.

ವಿಷ್ಯ ಇಷ್ಟೇ. ಸ್ಕೂಟರ್ ಬಂದ್ರೆ ನೀನು ಮುಂದೆ, ನಾನು ಹಿಂದೆ. ಬೈಕ್ ಬಂದ್ರೆ ನಾನು ಮುಂದೆ, ನೀನು ಹಿಂದೆ. ಅಷ್ಟೇ ಫರಕು.

ಹುಬ್ಬು ಏರಿಸ್ಬ್ಯಾಡ. ಆ ಹುಬ್ಬಿನ ಅರ್ಥ ನಂಗೊತ್ತು. "ಹಂಗಾದ್ರೆ ಸ್ಕೂಟರೇ ನೀವು ಕಲೀರಿ" ಅಂತ ತಾನೇ? ಅದು ಆಗಲ್ಲ ಕಣೆ. ಸ್ಕೂಟರ್ ಮನೆಗೆ ಬಂದ್ರೆ ಕೀಲಿ ತಾನಾಗೇ ನಿನ್ನ ಕೈಗೆ ಹೋಗ್ತೈತೆ. ನೀನು ಅಷ್ಟು ನೀಟಾಗಿ ಓಡ್ಸೋದು ನೋಡೀನೂ ನಾನು ಯಾವ ಮುಖ ಇಟ್ಕಂಡು ಮುಂದೆ ಕೂರ್ಲಿ? ಗೇರ್ ಗಾಡಿ ಆದ್ರೆ ನಿಂಗೂ ಬರಲ್ಲ, ನಂಗೂ ಬರಲ್ಲ. ಅಲ್ಲಿಗೆ ಇಬ್ರೂ ಸಮ!

ನಂಗೆ ಯಾಕೆ ಬರ್ಲಿಲ್ಲ ಅಂತ ನಿಂಗೊತ್ತಲ್ಲ. ಎಣ್ಣೆ ಮಿಲ್ಲಿನ ಮನೆತನ, ಕಣ್ ಬಿಟ್ಟಾಗಿಂದ ಜೀಪು, ಜೀಪಿಗೊಬ್ಬ ಡ್ರೈವರ್. ಸೈಕಲ್ ಕಲಿಯೋಕೆ ಅಂತ ಹತ್ತಿ ಸೀದಾ ಶೇಂಗಾ ಹಿಂಡಿ ರಾಶಿಗೆ ಹೋಗಿ ನುಗ್ಗಿದೆ. ಕಿವಿಯೊಳಗೆಲ್ಲಾ ಹಿಂಡಿ. ನಮ್ಮಪ್ಪ ಅವತ್ತು ಸಂಜೆಗೇ ಸೈಕಲ್ ಮಾರಿಬಿಟ್ರು. ಹುಡುಗನ ಮ್ಯಾಲಿನ ಪ್ರೀತಿಗಲ್ಲ, ಹಿಂಡಿ ಹಾಳಾಯ್ತು ಅಂತ.

ಸರಿ, ಸರಿ, ಈಗ ಗಂಭೀರವಾಗಿ ಮಾತಾಡಾಣ. ಬೈಕಿಂದು ಚಕ್ರ ದೊಡ್ಡದು. ಮೊಳಕಾಲ್ಮೂರು ಕಡೆ ಆ ಒಳರಸ್ತೇಲಿ ಹುರುಳಿ ಹರಡಿರ್ತಾರಲ್ಲ, ಗಾಡಿಗಳು ತುಳಿದು ಒಕ್ಕಣೆ ಆಗ್ಲಿ ಅಂತ. ಅದ್ರ ಮ್ಯಾಲೆ ಸ್ಕೂಟರಿನ ಪುಟಾಣಿ ಚಕ್ರ ಜರ್ ಅಂತ ಜಾರ್ತೈತೆ. ಬಿದ್ರೆ ಸೊಂಟ ಮುರಿತೈತೆ.

ಹೂಂ, ನೀನು ಜಾರಿಸ್ಲಿಲ್ಲ. ಒಪ್ಪಿದೆ. ಎರಡೂ ಕಾಲು ನೆಲಕ್ಕೆ ಊರ್ಕಂಡು ಮೆಲ್ಲಕೆ ದಾಟಿಸ್ದೆ. ಹೆಂಗ್ ದಾಟಿಸ್ದೆ ಅಂತ ಮಾತ್ರ ಕೇಳಬ್ಯಾಡ, ನಾನು ಕಣ್ ಮುಚ್ಕಂಡು ನಾಯಕನಹಟ್ಟಿ ತಿಪ್ಪೇಸ್ವಾಮಿನ ನೆನೀತಿದ್ದೆ.

ಮತ್ತೆ ಗಾಳಿ! ಕುದಾಪುರದ ಬಯಲಲ್ಲಿ ಗಾಳಿ ಎದ್ರೆ ಸ್ಕೂಟರ್ ಅಲ್ಲಾಡ್ತೈತೆ... ಏನು? ಹೊಟ್ಟೆ ಯಾಕ್ ನೋಡ್ತೀಯ? ಇದು ಹಿಂದೆ ಕೂತಿರೋವಾಗ ಯಾವ ಗಾಳಿಗೂ ಅಲ್ಲಾಡಲ್ಲ ಅಂತಾನಾ? ನೋಡ್ದ್ಯಾ, ಬಾಯಿ ಬಿಡದೇನೇ ಮರ್ಯಾದೆ ತೆಗೀತೀಯ.

ನಾನು ತಯಾರಿ ಇಲ್ದೆ ಮಾತಾಡ್ತಿಲ್ಲ. ಪ್ಯಾಂಟ್ ಹೊಲಿಸಿದೀನಿ. ಹೌದು, ಪ್ಯಾಂಟು! ಬೀರುವಲ್ಲಿ ನಿನ್ನ ಮೊಳಕಾಲ್ಮೂರು ಸೀರೆ ಕೆಳಗೆ ಇಟ್ಟಿದೀನಿ. ಪಂಚೆ ಉಟ್ಕಂಡು ಬೈಕಿನ ಆ ಕಡೆಗೆ ಕಾಲು ಹಾಕೋಕಾಗ್ತೈತಾ? ಸೊಂಟದ ಅಳತೆ ತಗಳೋಕೆ ಟೈಲರು ನನ್ನ ಸುತ್ತ ಪ್ರದಕ್ಷಿಣೆ ಹಾಕಿಬಿಟ್ಟ. ಟೇಪು ಸಾಲ್ದೆ ಇನ್ನೊಂದ್ ಕಡೆಯಿಂದ ಬಂದ. ಇಷ್ಟೆಲ್ಲಾ ಅನುಭವಿಸಿದೀನಿ. ಇಲ್ದಿದ್ರೆ ಈ ಪಂಚೇಲೇ ಇರ್ಬೇಕು, ಒಂದೇ ಕಡೆ ಎರಡೂ ಕಾಲು ಇಳಿಬಿಟ್ಕಂಡು, ಒಂದು ಕೈಲಿ ಪಂಚೆ ಚುಂಗು, ಒಂದು ಕೈಲಿ ನಿನ್ನ ಭುಜ ಹಿಡ್ಕಂಡು, ಮದುವೆಗೆ ಹೊರಟ ಬೀಗತಿ ಹಂಗೆ... ನಂಗೇ ನಗು ಬರ್ತೈತೆ ಕಣೆ.

ಕಲಿಯೋದು? ಕಲೀತಾ ಇದೀನಲ್ಲ! ಬೆಳಿಗ್ಗೆ ವಾಕಿಂಗ್ ವಾಕಿಂಗ್ ಅಂತ ಹೋಗ್ತಿದ್ನಲ್ಲ, ಅದು ವಾಕಿಂಗ್ ಅಲ್ಲ. ನಮ್ಮ ಮಿಲ್ ಫಿಟ್ಟರ್ ತಿಪ್ಪೇರುದ್ರ ಅವ್ನ ಬೈಕಲ್ಲಿ ನಾಯಕನಹಟ್ಟಿ ರೋಡಿಗೆ ಕರ್ಕಂಡ್ ಹೋಗ್ತಾನೆ. ಅಲ್ಲೊಂದು ಖಾಲಿ ಬಯಲೈತೆ. "ಕ್ಲಚ್ ಮೆಲ್ಲಕೆ ಬಿಡ್ರಿ" ಅಂತಾನೆ. ನಾನು ಮೆಲ್ಲಕೇ ಬಿಡ್ತೀನಿ, ಅದು ಜೋರಾಗೇ ಹೋಗ್ತೈತೆ. ಇಲ್ಲಾ ಕೆಮ್ಮಿ ಅಲ್ಲೇ ನಿಂತ್ಬಿಡ್ತೈತೆ. ಮೊನ್ನೆ ಎಗರಿತು ನೋಡು, ಹೋಗಿ ಕುರಿಮಂದೆ ಒಳಗೆ ನಿಂತ್ಕಂತು! ಸುತ್ತ ಕುರಿ, ನಡುವೆ ನಾನು. ಬ್ರೇಕ್ ಯಾವ್ದು, ಹಾರ್ನ್ ಯಾವ್ದು ಒಂದೂ ನೆನಪಿಗೆ ಬರ್ಲಿಲ್ಲ. ಕುರಿ ಹೊನ್ನಕ್ಕ ಕೋಲು ಹಿಡ್ಕಂಡು ಬಂದ್ಲು. ಬೈತಾಳೆ ಅನ್ಕಂಡೆ. ಬೈಲಿಲ್ಲ. "ಯಜಮಾನ್ರೇ, ನಿಮಗ್ಯಾಕೆ ಈ ಫಜೀತಿ? ಮನೇಲಿ ಅಕ್ಕಾರು ಅಷ್ಟ್ ಚೆಂದ ಓಡಿಸ್ತಾರಲ್ಲ" ಅಂದ್ಲು. ಬೈದಿದ್ರೇ ವಾಸಿ ಇತ್ತು.

ಕುರಿ ಕಾಯೋಳಿಗೂ ಗೊತ್ತಾಗೈತೆ ನೋಡು! ಮಲ್ಲಿಕಾರ್ಜುನಪ್ಪ ಎಲ್ಲಿ ಕೂರ್ತಾನೆ ಅಂತ ಊರಿಗೆಲ್ಲಾ...

ಇಲ್ಲ, ನಾನು ಹೇಳಿದ್ದು ಆ ಅರ್ಥದಲ್ಲಲ್ಲ. ಊರವ್ರು ಏನಂದ್ರೆ ನಂಗೇನು? ನಾನ್ಯಾವತ್ತಾದ್ರೂ ಊರವ್ರ ಮಾತಿಗೆ ತಲೆ ಕೆಡಿಸ್ಕಂಡಿದೀನಾ? ನಂಗೆ ಚಕ್ರದ್ದೇ ಚಿಂತೆ. ಚಕ್ರ ದೊಡ್ಡದು. ಮೈಲೇಜು ಜಾಸ್ತಿ. ಅಷ್ಟೇ.

ಮೊಳಕಾಲ್ಮೂರಲ್ಲಿ ಹೋಟ್ಲು ಯರ್ರಪ್ಪ ಏನಂದ ನೆನಪೈತಾ? ನಾವು ಹೋಗಿ ನಿಲ್ಸಿದ ಕೂಡ್ಲೇ ತೆಲುಗಲ್ಲಿ ಒಳಗೆ ಕೂಗಿ ಹೇಳ್ದ, "ಬಂಡಿ ತೋಲೇದಿ ಅಮ್ಮ, ಮುಂದು ಅಮ್ಮಕು ಟೀ ಇಯ್ಯರಾ!" ಗಾಡಿ ಹೊಡ್ಕಂಡ್ ಬಂದಿರೋರು ಅಮ್ಮ, ಮೊದ್ಲು ಅಮ್ಮಂಗೆ ಚಾ ಕೊಡ್ರೋ ಅಂತ! ನಾನು ಎಷ್ಟು ನಕ್ಕೆ! ನಾನೇ ಅವನಿಗೆ ಹೇಳ್ದೆ, ಹೌದಪ್ಪ, ನಾನು ಬರೀ ಲಗೇಜು ಅಂತ. ನಿಂಗೂ ಖುಷಿ ಆಯ್ತು. ಬಿಸಿ ಚಾನ ಸಾಸರಿಗೆ ಬಗ್ಗಿಸ್ಕಂಡು ರಾಣಿ ಹಂಗೆ ಕುಡಿದೆ. ಅಲ್ಲೆಲ್ಲಾ ನಂಗೇನೂ ಅನ್ನಿಸಲ್ಲ ಕಣೆ, ಅಲ್ಲಿ ನಮ್ಮನ್ನ ಯಾರು ಗುರುತು...

ಸರಿ, ಬಿಡು ಅದನ್ನ.

ಹಿಂದೆ ಕೂರೋದು ನಂಗೆ ಬ್ಯಾಸರ ಅಂತ ಮಾತ್ರ ತಿಳ್ಕಬ್ಯಾಡ. ದೇವರಾಣೆಗೂ ಇಲ್ಲ. ಹಿಂದೆ ಕೂತೋನಿಗೆ ರೋಡ್ ನೋಡೋ ಕೆಲ್ಸ ಇಲ್ಲ, ಸುತ್ತ ನೋಡಬಹುದು. ಈ ಊರಲ್ಲೇ ಹುಟ್ಟಿ, ಜೀಪಲ್ಲಿ ಸಾವಿರ ಸಲ ಓಡಾಡಿ, ಆ ಬಯಲಲ್ಲಿ ಚಿಗರೆ ಓಡೋದು ನಾನು ನೋಡಿದ್ದು ನಿನ್ನ ಹಿಂದೆ ಕೂತಾಗ್ಲೇ. ಮತ್ತೆ ಇನ್ನೊಂದು... ಹೇಳ್ಲಾ? ನೀನು ಗಾಡಿ ಓಡಿಸ್ತಾ ಗುನುಗ್ತೀಯ. ಹೆಲ್ಮೆಟ್ ಒಳಗೆ. ನಂಗೆ ಕೇಳಲ್ಲ ಅನ್ಕಂಡಿದೀಯ, ಕೇಳ್ತೈತೆ. ಮದುವೆ ಆಗಿ ಇಷ್ಟು ವರ್ಷ ಆಯ್ತು, ಈ ಮನೇಲಿ ನೀನು ಗುನುಗಿದ್ದು ನಾನು ಒಂದಿನಾನೂ ಕೇಳಿಲ್ಲ. ಅಡಿಗೆಮನೇಲಿ ಇಲ್ಲ, ದೇವರಮನೇಲಿ ಇಲ್ಲ. ಅಲ್ಲಿ, ಆ ಬಯಲಲ್ಲಿ, ಗಾಡಿ ಮ್ಯಾಲೆ. ನಂಗೆ ಭಾಳ ಹಿತ ಆಗ್ತೈತೆ ಕಣೆ, ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ಕೆಮ್ಮೂ ತಡ್ಕಂಡು ಕೂತಿರ್ತೀನಿ.

ಬೈಕ್ ಬಂದ್ರೆ ಹಿಂದೆ ಕೂತ್ಕಂಡೂ ಗುನುಗಬಹುದಲ್ಲ?

ಏನು? ಗುನುಗಬಹುದು ತಾನೇ?

ಯಾಕೆ, ಹೂ ಕೆಳಗಿಟ್ಟೆ? ಮಾತಾಡೇ. ಇಷ್ಟೊತ್ತು ನಗ್ತಿದ್ದೆ, ಈಗ ನಗೋದೂ ನಿಲ್ಲಿಸ್ದೆ. ನಾನೇನ್ ಅಂಥ ಮಾತಾಡ್ದೆ? ಹಿಂದೆ ಕೂರು ಅಂದೆ. ಲೋಕದಲ್ಲಿ ಹೆಂಗಸ್ರು ಕೂರಲ್ವಾ? ಹಂಗ್ ನೋಡಬ್ಯಾಡ. ಬೈಯೋದಾದ್ರೆ ಬೈದುಬಿಡು, ಬೈಸ್ಕಳೋಕೆ ನಂಗೆ ಅಭ್ಯಾಸ ಐತೆ. ಹಿಂಗೆ ಸುಮ್ನೆ ಕೂತು ನೋಡಿದ್ರೆ... 

ವಾಪಸ್ ಬರೋವಾಗ, ಊರು ಮುಟ್ಟೋಕೆ ಮುಂಚೆ, ಆ ಲಾರಿ ತೂಗೋ ವೇಬ್ರಿಜ್ ಹತ್ರ ನಾನು ಇಳಿಯೋದು ಕಾಲು ಜೋಮು ಹಿಡಿತೈತೆ ಅಂತ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನೀನು ಕೇಳ್ಲಿಲ್ಲ. ಹೌದು, ನೀನು ಕೇಳ್ಲೇ ಇಲ್ಲ. ನಾನ್ಯಾಕೆ ಹೇಳ್ತಿದೀನಿ?

ಜೋಮು ಹಿಡಿತಿತ್ತು ಕಣೆ... ಒಂದೊಂದ್ಸಲ. ಪಂಚೇಲಿ ಒಂದೇ ಕಡೆ ಕೂತ್ರೆ ಯಾರಿಗಾದ್ರೂ ಹಿಡಿತೈತೆ. "ನೀನು ಹೋಗಿರು, ಅಡಿಗೆ ನೋಡು, ನಾನು ಒಂಚೂರು ನಡ್ಕಂಡ್ ಬರ್ತೀನಿ" ಅಂತಿದ್ದೆ. ನಡ್ಕಂಡ್ ಬರ್ತಿದ್ದೆ. 

ಇಲ್ಲ. ನಡ್ಕಂಡೂ ಬರ್ತಿರ್ಲಿಲ್ಲ. ನೀನು ತಿರುವು ದಾಟಿದ ಕೂಡ್ಲೇ ಆಟೋ ಹತ್ತುತಿದ್ದೆ. ಸಾಕಾ?

ಆ ದಲ್ಲಾಳಿ ಸಂಗಮೇಶ್ ಇದಾನಲ್ಲ, ಎಲ್ಲಾ ಅವ್ನಿಂದ. ಮೊದಲ್ನೇ ವಾರ ನಾವು ಸುತ್ತಾಡ್ಕಂಡು ಶೇಂಗಾ ಮಂಡಿ ಗೇಟ್ ಮುಂದೇನೇ ಬಂದ್ವಲ್ಲ, ಹೋಟ್ಲಲ್ಲಿ ಕೂತು ನೋಡಿದಾನೆ. ಮಾರನೇ ದಿನ ಮಂಡೀಲಿ ಶೇಂಗಾ ಟೆಂಡರ್ ಟೈಮಲ್ಲಿ, ಅಷ್ಟು ಜನದ ಮುಂದೆ, "ಸಾವ್ಕಾರ್ರೇ, ಇವತ್ತು ಅಕ್ಕಾರು ಡ್ಯೂಟಿಗೆ ಬಂದಿಲ್ವಾ?" ಅಂದ. ಎಲ್ಲಾ ನಕ್ರು. ಹಮಾಲರೂ ನಕ್ರು. ನಾನೇನ್ ಮಾಡ್ದೆ ಗೊತ್ತಾ? ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. "ಏನ್ ಮಾಡೋದಪ್ಪ, ಹಟ ಮಾಡ್ತಾಳೆ, ಹೆಂಗಸ್ರ ಖುಷಿಗೆ ಹೋಗ್ಬೇಕು" ಅಂದೆ. ಹಂಗಂದೆ ನಾನು. ನಿನ್ನ ಮ್ಯಾಲೆ ಹಾಕ್ದೆ. ಶನಿವಾರ ರಾತ್ರಿನೇ ಪಂಚೆ ಇಸ್ತ್ರಿ ಮಾಡಿಸಿಟ್ಕಂಡು ಕಾಯೋನು ನಾನು!

ಚಕ್ರನೂ ಇಲ್ಲ, ಮೈಲೇಜೂ ಇಲ್ಲ ಕಣೆ. ನಂಗೆ ನಾಚಿಕೆ ಆಯ್ತು.

ಅಳಬ್ಯಾಡ. ಅಳ್ತಿಲ್ವಾ? ಮತ್ತೆ ಯಾಕೆ ಆ ಕಡೆ ಮುಖ ತಿರುಗಿಸ್ದೆ? ನಿಂಗೆ ಇದು ಗೊತ್ತಿರ್ಲಿಲ್ಲ ಅಲ್ವಾ? ಗೊತ್ತಿದ್ರೆ ನೀನು ಕೇಳೇ ಕೇಳ್ತಿದ್ದೆ. ವೇಬ್ರಿಜ್ ಹತ್ರ ಬಂದಾಗ "ಇಲ್ಲೇ ನಿಲ್ಸು" ಅಂತ ನಾನು ಹೇಳ್ತಿದ್ದೆ, ನೀನು ಪಾಪ ನಂಬ್ಕಂಡು ನಿಲ್ಲಿಸ್ತಿದ್ದೆ...

ತಡಿ.

ನಾನು ಹೇಳ್ತಿದ್ನಾ? ಮೊದಮೊದ್ಲು ಹೇಳ್ತಿದ್ದೆ. ಆಮೇಲೆ... ಈ ನಡುವೆ ನಾನು ಹೇಳ್ತಾನೇ ಇರ್ಲಿಲ್ಲ. ಭುಜ ತಟ್ಟಿದ್ದೂ ನೆನಪಿಲ್ಲ. ನೀನೇ ಗಾಡಿ ಪಕ್ಕಕ್ಕೆ ತಗಂಡು ನಿಲ್ಲಿಸ್ತಿದ್ದೆ. ತಿರುಗೀನೂ ನೋಡ್ತಿರ್ಲಿಲ್ಲ. ನಾನು ಇಳಿಯೋ ತನಕ ಮುಂದೇನೇ ನೋಡ್ಕಂಡು ಕೂತಿರ್ತಿದ್ದೆ.

ಗೊತ್ತಿತ್ತಾ ನಿಂಗೆ?

ಯಾವಾಗಿಂದ? ತ್ರಿವೇಣಿ... ಮೊದ್ಲಿಂದಾನಾ? ಗೊತ್ತಿದ್ದೂ, ನನ್ನ ನಾಚಿಕೆಗೋಸ್ಕರ ನೀನೇ ಬ್ರೇಕ್ ಹಾಕಿ ನಿಲ್ಲಿಸಿ, ಇಳಿಸಿ, ಮನೆಗೆ ಬಂದು ನಂಗೇ ರೊಟ್ಟಿ ತಟ್ಟಿದ್ಯಾ? ಒಂದು ಮಾತು ಬೈಬಾರ್ದಿತ್ತಾ? ಅಲ್ಲೇ ಬಿಟ್ಟು, ಪೂರ್ತಿ ನಡೆಸಬಾರ್ದಿತ್ತಾ?

ಏಳ್ಬ್ಯಾಡ, ಕೂತ್ಕ. ಒಳಗೆ ಹೋಗ್ಬ್ಯಾಡ. ಗಾಡಿನೇ ಬ್ಯಾಡ ಅಂತ ಮಾತ್ರ ಅನ್ಬ್ಯಾಡ ಕಣೆ, ನಿಂಗೆ ಕೈ ಮುಗಿತೀನಿ.

ಸ್ಕೂಟರೇ ತರಾಣ. ನೀನು ಹೇಳಿದ ಬಣ್ಣದ್ದು. ಶೋರೂಮಿಂದ ನೀನೇ ಓಡಿಸ್ಕಂಡ್ ಬಾ, ನಾನು ಹಿಂದೆ ಕೂರ್ತೀನಿ. ಮಂಡಿ ತಪ್ಪಿಸೋ ಬೈಪಾಸು ಬ್ಯಾಡ. ಮಂಡಿ ಗೇಟ್ ಮುಂದೇನೇ ಬರಾಣ, ಟೆಂಡರ್ ನಡೀತಿರ್ತೈತೆ, ಸಂಗಮೇಶ್ ಅಲ್ಲೇ ನಿಂತಿರ್ತಾನೆ, ಇರ್ಲಿ. ಹಾರ್ನ್ ಹೊಡಿ ಬೇಕಾದ್ರೆ. ನಾನು ಇಳಿಯಲ್ಲ.

ಹಂಗ್ ನೋಡಬ್ಯಾಡ, ನಿಜ ಹೇಳ್ತಿದೀನಿ... ಹೂಂ, ನನ್ನ ನೀನು ಚೆನ್ನಾಗಿ ಬಲ್ಲೆ. ಗೇಟ್ ಹತ್ರ ಬಂದಾಗ ಬಾಯಿಗೆ ಏನಾದ್ರೂ ನೆಪ ಬಂದೇ ಬರ್ತೈತೆ. ನಿಲ್ಸು, ಇಳೀತೀನಿ ಅಂತೀನಿ. ಅಂದೇ ಅಂತೀನಿ.

ನೀನು ನಿಲ್ಲಿಸಬ್ಯಾಡ.