ಎರಡನೇ ಕಾಗದ

...ಇಲ್ಲ, ನೀನು ಏಳಬೇಡ, ಹೊಲಿಗೆ ಬಿಟ್ಟೀತು. ಪರದೆ ನಾನೇ ಎಳೀತೀನಿ. ಆ ಮೂಲೆ ಮಂಚದವಳು ಬೆಳಿಗ್ಗೆಯಿಂದ ಈ ಕಡೆಗೇ ಕಿವಿ ನೆಟ್ಟು ಕೂತಿದ್ದಾಳೆ. ತನ್ನ ಪಿತ್ತಕೋಶದ ಕಲ್ಲಿಗಿಂತ ನಿನ್ನ ಗರ್ಭಕೋಶದ ಚಿಂತೆ ಅವಳಿಗೆ. ನಗಬೇಡ ಪುಟ್ಟಿ, ಹೊಟ್ಟೆ ಹಿಡ್ಕೊ. ಓ, ನಗಲಿಲ್ವಾ... ಸರಿ.

ಏನು ಹೇಳ್ತಿದ್ದೆ? ಹಾಂ, ಡಾಕ್ಟರಮ್ಮ. ಆವತ್ತು ಏನಂದಿದ್ರು ಅವರು? ನಾನೂ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ. ಮೂರು ಗೆಡ್ಡೆ ಇದೆ, ಕ್ಯಾನ್ಸರ್ ಅಲ್ಲ, ತಿಂಗಳು ತಿಂಗಳು ನೀನು ಒದ್ದಾಡೋದು ಇದರಿಂದಲೇ, ಗೆಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸೋಕೆ ನೋಡ್ತೀವಿ, ಆಮೇಲೆ ಮಗೂಗೂ ಪ್ರಯತ್ನ ಮಾಡಬಹುದು. ಇಷ್ಟೇ ತಾನೇ? ಈಗ ರಕ್ತ ನಿಲ್ಲಲಿಲ್ಲವಂತೆ, ಪೂರ್ತಿ ತೆಗೀಬೇಕಾಯ್ತಂತೆ. ಅಂತೆ ಕಣೇ, ಅಂತೆ. ಒಳಗೆ ಏನು ನಡೀತೋ ನಾವೇನು ಕಂಡ್ವಾ?

ಇನ್ನು ನಿನ್ನ ಯಜಮಾನ್ರು. ರಕ್ತದ ಬಾಟಲಿ ತರ್ತೀನಿ ಅಂತ ಹೋದವರು ಎಷ್ಟು ಹೊತ್ತಿಗೆ ಬಂದ್ರು ಗೊತ್ತಾ? ಮೊನ್ನೆಯಿಂದ ನನ್ನ ಮುಖ ನೋಡಿ ಮಾತಾಡ್ತಿಲ್ಲ. ನಾನು ಬಂದ ತಕ್ಷಣ ಫ್ಲಾಸ್ಕ್ ತಗೊಂಡು ಆಚೆ ಹೋಗ್ತಾರೆ. ತುಂಬಿರೋ ಫ್ಲಾಸ್ಕ್. ನನಗೇನು ಕಣ್ಣಿಲ್ವಾ?

ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ನನ್ನನ್ನ ಆಚೆ ಕಳಿಸಿದ್ರಲ್ಲ, ಏನು ಹೇಳಿದ್ರು? ಏನೂ ಇಲ್ವಾ? ಏನೂ ಇಲ್ಲದೆ ಅಷ್ಟು ಹೊತ್ತು ನಿಂತಿದ್ರಾ, ಪರದೆ ಬೇರೆ ಎಳ್ಕೊಂಡು? ಸರಿ ಬಿಡು, ನಾನು ಕೇಳಲ್ಲ.

ದಿಂಬಿನ ಕೆಳಗೆ ಏನದು?

ಫೈಲಾ? ಅದು ಸಿಸ್ಟರ್ ಹತ್ರ ಇರ್ಬೇಕಲ್ಲ. ಕೇಳಿ ಇಸ್ಕೊಂಡ್ಯಾ? ಯಾಕೆ... ಮೈ ಹುಷಾರಿಲ್ಲದಾಗ ಅದನ್ನೆಲ್ಲ ಯಾಕೆ ಓದ್ತೀಯ, ಕೊಡಿಲ್ಲಿ. ಕೊಡು ಅಂದ್ರೆ. ಅಯ್ಯೋ, ಅಷ್ಟು ಬಿಗಿಯಾಗಿ ಯಾಕೆ ಹಿಡ್ಕೋತೀಯ, ನಾನೇನು ಕಿತ್ಕೊಂಡು ಓಡ್ತೀನಾ?

ನೋಡು, ಅದರಲ್ಲಿ ಎರಡು ಕಾಗದ ಇರುತ್ತೆ. ಒಂದು ಗೆಡ್ಡೆ ತೆಗೆಯೋಕೆ ಒಪ್ಪಿಗೆ. ಇನ್ನೊಂದು, ರಕ್ತ ಜಾಸ್ತಿ ಹೋದ್ರೆ ಗರ್ಭಕೋಶನೂ ತೆಗೀಬಹುದು ಅಂತ. ಎರಡಕ್ಕೂ ನೀನೇ ಸಹಿ ಹಾಕಿದ್ದೀಯ. ಮಂಪರಿನ ಇಂಜೆಕ್ಷನ್ ಕೊಟ್ಟಿದ್ರಲ್ಲ, ಎಲ್ಲಿ ನೆನಪಿರುತ್ತೆ.

ನನಗೆ ಹೇಗೆ ಗೊತ್ತು ಅಂದ್ರೆ... ಎಲ್ಲ ಆಸ್ಪತ್ರೇಲೂ ಹಾಗೇ ತಾನೇ.

ಹಾಗೆ ನೋಡಬೇಡ ನನ್ನ. ಆ ಸಿಸ್ಟರ್ ಏನಾದ್ರೂ ಚಾಡಿ ಹೇಳಿದ್ಲಾ? ನಿನ್ನ ಸಹಿ ಅಲ್ಲ ಅಂದ್ಲಾ? ಅವಳಿಗೇನು ಗೊತ್ತು ನಿನ್ನ ಸಹಿ? ಹೊಲಿಗೆ ಅಂಗಡೀಲಿ ಹನ್ನೊಂದು ವರ್ಷದಿಂದ ಹಾಕ್ತಿರೋಳು ನಾನು...

ಹೌದು. ನಾನೇ ಹಾಕ್ತಿದ್ದೆ, ಅದರಲ್ಲಿ ಮುಚ್ಚಿಡೋದೇನಿದೆ? ಅಂಗಡಿ ನಿನ್ನ ಹೆಸರಲ್ಲಿದೆ. ಯೂನಿಫಾರ್ಮ್ ಬಟ್ಟೆಯ ಗಂಟು ತಂದವನು ಸಹಿ ಅಂತ ನಿಲ್ತಾನೆ. ನೀನು ಕಟಿಂಗ್ ಟೇಬಲ್ ಕೆಳಗೆ ಚಾಪೆ ಹಾಸ್ಕೊಂಡು, ಹೊಟ್ಟೆಗೆ ಬಿಸಿನೀರಿನ ಚೀಲ ಒತ್ಕೊಂಡು, ಹಲ್ಲು ಕಚ್ಕೊಂಡು ಮಲಗಿರ್ತಿದ್ದೆ. ನಿನ್ನ ಎಬ್ಬಿಸ್ಬೇಕಿತ್ತಾ? ‘ಅಕ್ಕ, ನೀನೇ ಒಂದು ಗೀಚಿಬಿಡು’ ಅಂತಿದ್ದೋಳು ಯಾರು? ನಿನ್ನ ಸೊಟ್ಟ ಗೆರೆ ನಿನಗಿಂತ ಚೆನ್ನಾಗಿ ನನ್ನ ಕೈಗೆ ಬರುತ್ತೆ ಅಂತ ನೀನೇ ತಮಾಷೆ ಮಾಡ್ತಿದ್ದೆ.

ಮಾತಾಡು ಪುಟ್ಟಿ.

ಆವತ್ತು ಆಪರೇಷನ್‌ಗೆ ಕರ್ಕೊಂಡು ಹೋಗುವಾಗ ಸ್ಟ್ರೆಚರ್ ಲಿಫ್ಟಿನ ಹತ್ರ ನಿಂತಿತ್ತು. ಸಿಸ್ಟರ್ ಓಡಿ ಬಂದು, ಈ ಎರಡನೇ ಕಾಗದದಲ್ಲಿ ಸಹಿ ಜಾಗ ಖಾಲಿ ಇದೆ, ಅವರನ್ನ ಕೇಳಿ ಹಾಕಿಸಿ, ಇಷ್ಟವಿಲ್ಲ ಅಂದ್ರೆ ಬೇಡ ಅಂತಾದ್ರೂ ಬರೆಸಿ ಅಂತ ನನ್ನ ಕೈಗಿಟ್ಟು ಆ ಕಡೆ ಹೋದ್ಲು. ನೀನು ಬೇಕಂತಲೇ ಖಾಲಿ ಬಿಟ್ಟಿದ್ದೆ. ಅದು ನನಗೆ... ಗೊತ್ತಿರಲಿಲ್ಲ ಅಂತ ಹೇಗೆ ಹೇಳಲಿ. ಒಪ್ಪಿಗೆ ಇಲ್ಲದಿದ್ರೆ ಅವರು ಸುಮ್ಮನೆ ನಿಂತು ನೋಡ್ತಾರೇನೋ, ನೀನು ಅಲ್ಲೇ ಹೋಗಿಬಿಟ್ರೆ ನಾನೇನು ಮಾಡ್ಲಿ ಅಂತ ಜೀವ ಬಾಯಿಗೆ ಬಂದಿತ್ತು ಕಣೇ. ಮತ್ತೆ... ಉಳಿಸಿದ್ರೆ ಗೆಡ್ಡೆ ಮತ್ತೆ ಬರಬಹುದು ಅಂತಲೂ ಅಂದಿದ್ರಲ್ಲ. ಮತ್ತೆ ಅದೇ ಚಾಪೆ. ನನ್ನ ಕೈಲಿ ಇನ್ನು ನೋಡೋಕೆ ಆಗ್ತಿರಲಿಲ್ಲ.

ಬೈಯಿ ನನ್ನ. ಆಚೆ ಹೋಗು ಅನ್ನು. ಗೋಡೆ ಕಡೆ ಮಾತ್ರ ತಿರುಗಬೇಡ.

ನಿದ್ದೇಲಿದ್ದೆ ನೀನು, ಕೇಳೋಕೆ ಆಗಲಿಲ್ಲ ಅಂತ ನಿನ್ನ ಗಂಡನಿಗೆ ಹೇಳಿದೀನಿ. ಅವರು ನಂಬಿದಾರೋ ಇಲ್ವೋ. ನೀನು... ನೀನೂ ನಂಬಲ್ಲ, ಅಲ್ವಾ?

ಪೂರ್ತಿ ನಿದ್ದೆ ಅಲ್ಲ ಅದು. ನನ್ನ ಸೆರಗಿನ ತುದಿ ನಿನ್ನ ಮುಷ್ಟಿಯಲ್ಲಿತ್ತು. ಒಂದು ಸಲ ಕರೆದಿದ್ರೆ ನೀನು ಕಣ್ಣು ಬಿಡ್ತಿದ್ದೆ. ಕೇಳಿದ್ರೆ ಬೇಡ ಅಂತಿದ್ದೆ.

ಅದಕ್ಕೇ ಕರೀಲಿಲ್ಲ.