ಮಹಾಂತಮ್ಮನ ಕ್ಯಾಸೆಟ್ಟು

…ಯಾಕ ನಗಾಕತ್ತಿ ಚನ್ನಕ್ಕಾ? ಖರೇನ ಹೇಳಾಕತ್ತೀನಿ. ಮೂರು ತಿಂಗಳು ನಾ ಈ ಮಾನ್ವಿ ಒಳಗ ಇದ್ದಿಲ್ಲ! ಹೆಸರಿಗಿ 'ಜಹೀರುದ್ದೀನ್ ಮೈಕ್ ಸೆಟ್' ಅಂತ ಬೋರ್ಡ್ ಇತ್ತು, ಅಂಗಡಿ ಬಾಗಲಾನೂ ತೆರದಿತ್ತು, ಆದ್ರ ನಾ ಎಲ್ಲಿದ್ದೆ? ಚುಕ್ಕಿ ಲೋಕದಾಗ! ಹೂಂ… ನಗು, ನಗು. ಮದಿವಿ ಮನಿಯಾಕಿ ನಗಬೇಕು.

ಕುಂದ್ರಲ್ಲ ಸ್ವಲ್ಪ. ಕಲ್ಲೂರು ಬಸ್ಸಿಗಿ ಇನ್ನಾ ಟೈಮ್ ಅದ. ಕ್ಯಾಸೆಟ್ಟಾ?… ಕೊಡ್ತೀನಿ ತಡಿ, ಎಲ್ಲಿ ಹೋಗ್ತದದು? ನಾಳಿ ಬಸಲಿಂಗಮ್ಮಗ ಅರಿಷಿಣ ಹಚ್ಚೋದು ಹತ್ತಕ್ಕ ಅಲ್ಲೇನು? ಎಂಟಕ್ಕ ನಿಮ್ಮ ಬೇವಿನ ಗಿಡಕ್ಕ ಮೈಕಿನ ಹಾರ್ನ್ ಕಟ್ಟಿರ್ತೀನಿ. ಮೊಮ್ಮಗಳ ಮದಿವ್ಯಾಗ ನಿಮ್ಮವ್ವ ಮಹಾಂತಮ್ಮನ ಸೋಬಾನ ಕೇಳಬೇಕು, ಆಕಿ ಸತ್ತು ವರ್ಷ ಆಗಿದ್ರೂ ಕೇಳಬೇಕು… ಗೊತ್ತದ ಅಕ್ಕಾ. ಮಾತು ಕೊಟ್ಟಾವ ನಾನ ಅಲ್ಲೇನು? ಹುಡುಗಿ ಹಠ ಹಿಡದಾಳ, ಅದೂ ಗೊತ್ತದ. 'ಅಜ್ಜಿ ದನಿ ಬರೋತನ ಮಣಿ ಮ್ಯಾಲೆ ಕುಂದ್ರಂಗಿಲ್ಲ' ಅಂದಾಳಂತ? ಅಂತಾಳ, ಅಂತಾಳ… ಅಜ್ಜಿ ಕೈಯಾಗ ಬೆಳದ ಕೂಸು.

ಅದಕ್ಕಿಂತ ಮೊದ್ಲು ಈ ಆಟದ ಮಶೀನ್ ನೋಡು, ಕಂಪ್ಯೂಟರ್ ಅಂತಾರ! ನಮ್ಮಣ್ಣ ದಸ್ತಗೀರ್ ಸೌದಿ ದಮ್ಮಾಮಿನಿಂದ ತಂದದ್ದು. ನೋಡಿಲ್ಲಿ, ಗುಂಡಿ ಮ್ಯಾಲೆ ಒಂದು ಮೂಲಿಗಿ ಇಂಗ್ಲಿಷು, ಒಂದು ಮೂಲಿಗಿ ಅರಬ್ಬಿ. ಟೀವಿಗಿ ಒಂದು ವೈರು, ಟೇಪಿಗಿ ಒಂದು ವೈರು. ಆಟ ಕ್ಯಾಸೆಟ್ಟಿನ್ಯಾಗ ಇರ್ತದ… ಹೌದ ಅಕ್ಕಾ, ಹಾಡು ಕೇಳೋ ಕ್ಯಾಸೆಟ್ಟ! ಹಚ್ಚಿದ್ರ ಕೀಂ… ಗುರ್ರ್… ಕೀಂ… ಹಿಟ್ಟಿನ ಗಿರಣ್ಯಾಗ ಬೆಕ್ಕು ಸಿಕ್ಕಂಗ ಐದಾರು ನಿಮಿಷ ಒದರ್ತದ. ಆಮ್ಯಾಲೆ ನೋಡು, ಟೀವಿ ತುಂಬ ಚುಕ್ಕಿ!

ನೀ ಯಾರು ಅಂತ ಮೊದ್ಲು ಕೇಳ್ತದ. ಕ್ಯಾಪ್ಟನ್ ಆಗ್ತೀಯೋ, ವ್ಯಾಪಾರಿ ಆಗ್ತೀಯೋ, ಮೆಕ್ಯಾನಿಕ್ ಆಗ್ತೀಯೋ. ನಾ ಮೆಕ್ಯಾನಿಕ್ ಆದೆ. ಮತ್ತೇನು! ಇಲ್ಲಿ ಮದಿವಿ ಮನ್ಯಾಗ 'ಲೇ ಮೈಕಿನವನ, ಕುಂಯ್ ಅನ್ನಾಕತ್ತದ ನೋಡಲೇ' ಅಂತಾರ. ಅಲ್ಲಿ ಹಡಗು ನಡು ಆಕಾಶದಾಗ ಕೆಟ್ಟು ನಿಂತ್ರ ಕ್ಯಾಪ್ಟನ್ನ ಬಂದು ನನ್ನ ಮುಂದ ನಿಂದರ್ತಾನ. ನಿಂದರಬೇಕಕ್ಕಾ! ಎಂಟನೇತ್ತಿಗಿ ಸಾಲಿ ಬಿಟ್ಟಾವ ನಾ. ಡಿಕ್ಷನರಿ ತೊಡಿ ಮ್ಯಾಲೆ ಇಟ್ಕೊಂಡು ಒಂದೊಂದ ಮಾತು ಓದಿ ಓದಿ ಹದಿನೇಳು ಲೋಕ ದಾಟೀನಿ.

ಆ ಆಟದ ದೊಡ್ಡ ಗುಣ ಹೇಳ್ಲ್ಯಾ? ಅದು ಮರೆಯಂಗಿಲ್ಲ. ಒಂದು ಲೋಕದಾಗ ಒಬ್ಬ ಮುದುಕಗ ಕೆಟ್ಟ ಸಾಮಾನು ಹೊಸದು ಅಂತ ದಾಟಿಸಿ ಬಂದಿದ್ದೆ. ಮುಂದ ನಾಕು ಲೋಕ ಆದ ಮ್ಯಾಲೆ ಅವನ ಮಂದಿ ಸಿಕ್ಕರು. ನನ್ನ ಹೆಸರು ಕೇಳಿದ್ದ ತಡ, ಅಗಸಿ ಬಾಗಲಾ ಹಾಕಿಬಿಟ್ಟರು! ಮಾಡಿದ್ದುಣ್ಣೋ ಮಹರಾಯ. ಎಷ್ಟು ಗುಂಡಿ ಒತ್ತಿದ್ರೂ ತೆರೀಲಿಲ್ಲ… ಹಾಂ? ಹೌದು, ಮೋಸ ಮಾಡಿದ್ದೆ. ಆಟದಾಗಕ್ಕಾ… ಆಟದಾಗ.

ಐಬೂ ಅದಾವ, ಇಲ್ಲಂತ ಹೇಳಂಗಿಲ್ಲ. ಯಾವ ಲೋಕಕ್ಕ ಹೋದ್ರೂ ಅದ ಗುಡ್ಡ, ಅದ ಮನಿ, ಬಣ್ಣ ಅಷ್ಟ ಬ್ಯಾರೆ. ನನ್ನ ಟೀವಿ ಬ್ಲ್ಯಾಕ್ ಅಂಡ್ ವೈಟು! ಕೆಂಪು ಲೋಕಾನೂ ಬೂದಿ, ಹಸರು ಲೋಕಾನೂ ಬೂದಿ. ಮಂದಿಗಿ ಮೂರ ಮಾತು ಬರ್ತಾವ, ತಿರುಗಾಮುರುಗಾ ಅವನ್ನ ಅಂತಾರ. ಒಂಬತ್ತು ವರ್ಷ ಹಡಗಿನ್ಯಾಗ ಹೋಗಬೇಕು, ಎಲ್ಲಾರೂ ಗುಳಿಗಿ ನುಂಗ್ತಾರ, ರೊಟ್ಟಿ ಬಡಿಯೋ ಸಪ್ಪಳಿಲ್ಲ, ಒಬ್ಬರರ ಬಾಯಿ ತೆರದು ಒಂದು ಹಾಡು ಅನ್ನಂಗಿಲ್ಲ. ಅಂಥಾ ಹಡಗಿನ್ಯಾಗ ನಿಮ್ಮವ್ವನ್ನ…

ಏನಿಲ್ಲ. ಬಾಯಿ ತಪ್ಪಿ ಬಂತು.

…ಆತು ಹೇಳ್ತೀನಿ, ಹಂಗ ನೋಡಬ್ಯಾಡ. ಹಡಗಿನ್ಯಾಗ ಐದು ಮಂದಿ ಇರ್ತಾರ, ಹೆಸರು ನಾವ ಇಡಬೇಕು. ಡಾಕ್ಟರಿಗಿ ನಿಮ್ಮವ್ವನ ಹೆಸರಿಟ್ಟೆ. ಪೂರ್ತಿ ಹಿಡೀಲಿಲ್ಲ, 'ಮಹಾಂತ' ಅಂತ ಅಷ್ಟ ನಿಂತಿತು. ಮತ್ತ್ಯಾರ ಹೆಸರಿಡಲಿ? ಸಣ್ಣಾವ ಇದ್ದಾಗ ನಮ್ಮವ್ವ ಹೀರಾಬಿ ಕೂಲಿಗಿ ರೈಸ್ ಮಿಲ್ಲಿಗಿ ಹೋದ್ರ ದೀಪ ಹಚ್ಚೋ ಹೊತ್ತಿಗಿ ಬರ್ತಿದ್ಳು. ಜ್ವರ ಬಂದ್ರ ಹಣಿ ಮ್ಯಾಲೆ ಹಸಿ ಅರಿವಿ ಹಾಕಿದಾಕಿ ಯಾರು? ಜೋಳದ ಗಂಜಿ ಕುಡಿಸಿದಾಕಿ ಯಾರು? ನಿನಗೂ ನನಗೂ ಒಂದ ಗಂಗಾಳದಾಗ ಉಣಿಸ್ಯಾಳ. ಆಕಿ ಹೋದ ಮ್ಯಾಲೆ… ಟೀವಿ ಒಳಗ ಆ ಹೆಸರು ನೋಡಿದ್ರ ಒಂಥರಾ ಆಗ್ತಿತ್ತಕ್ಕಾ. ಇನ್ನೂ ಅದಾಳ ಅನಸ್ತಿತ್ತು.

ಆಕೀಗಿ ಜ್ವರ ಬಂತು. ಆಟದಾಗ. ಆ ಆಟದಾಗ ಸತ್ತವರು ಸತ್ತಂಗ, ಮತ್ತ ಎದ್ದು ಬರಂಗಿಲ್ಲ. ಔಷಧ ಹುಡುಕಿ ಹುಡುಕಿ ಕಡೀಗಿ ಸಿಕ್ತು, ಆಕೀಗಿ ಕೊಟ್ಟೆ, ಬದಕಿದಳು! ಬದಕಿದಳು ಅನ್ನೋದ್ರಾಗ ಗಡಿಯಾರ ನೋಡ್ತೀನಿ, ಎರಡಕ್ಕ ಐದು ನಿಮಿಷ ಕಮ್ಮಿ. ಎರಡಕ್ಕ ಕರೆಂಟ್ ತೆಗೀತಾರ, ನಿನಗ ಗೊತ್ತದಲ್ಲ. ಕರೆಂಟ್ ಹೋದ್ರ ಆ ಮಶೀನಿಗಿ ಏನೂ ನೆನಪಿರಂಗಿಲ್ಲ. ಅದ ಅದರ ದೊಡ್ಡ ಐಬು. ನಡದಷ್ಟು ಆಟಾನ ಇನ್ನೊಂದು ಕ್ಯಾಸೆಟ್ಟಿಗಿ ತುಂಬಿಸಿಟ್ರ ಉಳೀತದ, ಎರಡು ನಿಮಿಷದ ಕೆಲಸ, ಇಲ್ಲಾಂದ್ರ ಮತ್ತ ಮೊದ್ಲಿನಿಂದ. ತುಂಬಿಸಿದೆ. ಖಾಲಿ ಕ್ಯಾಸೆಟ್ಟಿಗಿ… ಹೂಂ, ಖಾಲೀದ.

ಯಾಕ ಕೈ ಚಾಚಿದಿ?

ಚಾ ತರಸ್ಲ್ಯಾ? ಬ್ಯಾಡಾ?… ಕ್ಯಾಸೆಟ್ಟು, ಹೂಂ. ಅಲ್ಲಕ್ಕಾ, ಒಂದು ಮಾತು. ಹಳೀ ಕ್ಯಾಸೆಟ್ಟು, ಹೋದ ಮಳಿಗಾಲದಾಗ ಥಂಡಿ ಹಿಡದಂಗ ಕಾಣ್ತದ. ದನಿ ಸ್ವಲ್ಪ… ಟೇಪಿನ ಹೆಡ್ ಹೊಲಸಾಗಿದ್ರೂ ಹಂಗ ಆಗ್ತದ. ನಿಮ್ಮ ಓಣ್ಯಾಗ ಹಾಡೋ ಹೆಣ್ಮಕ್ಕಳು ಕಮ್ಮಿ ಅದಾರೇನು? ಅವರ ಮುಂದ ಮೈಕ್ ಇಡ್ತೀನಿ, ಸಿರವಾರತನ ಕೇಳಂಗ… ಬ್ಯಾಡ. ಆತು. ಬ್ಯಾಡಂದ್ರ ಬ್ಯಾಡ.

ಕೈ ತಪ್ಪಿತಕ್ಕಾ! ಆತಾ? ಅವಸರದಾಗ ಕೈ ತಪ್ಪಿ ನಿಮ್ಮವ್ವನ ಕ್ಯಾಸೆಟ್ಟಿಗಿ ಹತ್ತಿಬಿಡ್ತು. ಯಾವುದು ಯಾವುದಂತ ನೋಡ್ಲಿಲ್ಲ. ನೀರಮಾನ್ವಿ ಎಲ್ಲಮ್ಮನ ಆಣಿ… ಆತು, ಆಣಿ ಮಾಡಂಗಿಲ್ಲ.

ಎಲ್ಲಿಗಿ ಎದ್ದಿ? ಆ ಕಪಾಟಿನ್ಯಾಗ ಇಲ್ಲ. ಅಲ್ಲಿ ಬರೇ ಸಿನಿಮಾದ್ದು ಅದಾವ… ಅದಲ್ಲಕ್ಕಾ. ಅದರ ಬಾಜೂಕಿಂದೂ ಅಲ್ಲ…

ಹಾಂ. ಅದ.

ನಾನ ಬರದದ್ದು. 'ಮಹಾಂತಮ್ಮನ ಹಾಡು, ಕಲ್ಲೂರು, ೮೭'. ಒಳ್ಳೇ ಅಕ್ಷರ ಅಂದಿದ್ದಿ ಆವತ್ತು… ಅದನ್ಯಾಕ ತಿರುವಿ ನೋಡ್ತಿ? ಬೆನ್ನಿಗಿ ಏನಿಲ್ಲ. ಆ ಚೀಟಿ ಸುಮ್ನ ಅಂಟಿಸಿದ್ದು… ಧೂಳು ಹೋಗಬಾರದಂತ. ಉಗುರು ಹಾಕಿ ಕೀಳಬ್ಯಾಡ ಅಕ್ಕಾ. ಕೀಳಬ್ಯಾಡ.

ನಿನಗ ನೆನಪದ. ನಿಮ್ಮವ್ವ ಹಾಡುವಾಗ ನೀ ಅಲ್ಲೇ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದಿ, ಕೋಳಿ ಕುಕ್ಕುಕ್ಕು ಅನ್ನಾಕತ್ತಿದ್ವು, ಅವೂ ಟೇಪಿನ್ಯಾಗ ಬಂದಿದ್ವು. ಒಂದು ಮಗ್ಗಲ ತುಂಬ ಹಾಡು ಮುಗದ ಮ್ಯಾಲೆ ಕ್ಯಾಸೆಟ್ಟಿನ ಬೆನ್ನ ಮ್ಯಾಲಿನ ಎರಡು ಪ್ಲಾಸ್ಟಿಕ್ ಹಲ್ಲು ನಾ ಮುರದೆ. 'ಯಾಕಲೇ ಮುರದಿ?' ಅಂದ್ಳು ನಿಮ್ಮವ್ವ. 'ಹಲ್ಲು ಮುರದ್ರ ಇದರ ಮ್ಯಾಲೆ ಮತ್ತೊಂದು ರೆಕಾರ್ಡ್ ಆಗಂಗಿಲ್ಲ ಯವ್ವಾ, ನಿನ್ನ ದನಿ ಯಾರೂ ಅಳಸಾಕ ಆಗಂಗಿಲ್ಲ' ಅಂದೆ. 'ನನಗೂ ಹಲ್ಲಿಲ್ಲ, ಇದಕ್ಕೂ ಹಲ್ಲಿಲ್ಲ' ಅಂತ ಬಾಯಿ ತುಂಬ ನಕ್ಕಳು. ನೀನೂ ನಕ್ಕಿದ್ದಿ.

ಮುರದ ಜಾಗಕ್ಕ ಚೀಟಿ ಅಂಟಿಸಿದ್ರ ಮತ್ತ ರೆಕಾರ್ಡ್ ಆಗ್ತದ. ಮೈಕಿನವರಿಗೆಲ್ಲ ಗೊತ್ತಿರೋದ ಅದು.

…ಕೈ ತಪ್ಪಿ ಚೀಟಿ ಅಂಟಂಗಿಲ್ಲ. ಹೂಂ. ನೀ ಬಾಯಿಬಿಟ್ಟು ಅನ್ಲಿಲ್ಲ, ನಾನ ಅಂತೀನಿ. ಕೈಗಿ ಸಿಕ್ಕದ್ದು ಇದ ಇತ್ತು. ಯಾವುದಂತ ಗೊತ್ತಿತ್ತು. ಗುಡುಸಾಬನ ಅಂಗಡ್ಯಾಗ ಖಾಲಿ ಕ್ಯಾಸೆಟ್ಟು ಇದ್ವು, ರಸ್ತೆ ದಾಟಿದ್ರ ಮುಗೀತು. ಹೋಗಿ ಬರೋದ್ರಾಗ ಕರೆಂಟ್ ಹೋದ್ರ? ಆಕಿ ಸತ್ತಹೋಗ್ತಾಳಲ್ಲ ಅಂತ… ಆಟದಾಕಿ! ಆಟದಾಕಿನ್ನ ಉಳಸಾಕ ಹೋಗಿ… ಚೀಟಿ ಹರದೆ ಅಕ್ಕಾ. ಅಂಟಿಸಿದೆ.

ಒಂದ ಸಲ. ಖರೇನ ಒಂದ ಸಲ! ಮೊದ್ಲಿನ ಹಾಡು ಅಷ್ಟ ಹೋಗ್ಯಾದ, ಉಳದಾವು ಎಲ್ಲಾ… ಟೇಪಿಗಿ ಯಾಕ ಹಾಕಾಕತ್ತಿ? ಆ ಗುಂಡಿ ಅಲ್ಲ… ಹಾಂ, ಅದ.

…ಇದ ಆ ಆಟದ ಸಪ್ಪಳ. ಹಾರ್ನಿನ್ಯಾಗ ಬಂದ್ರ ಕೂಸುಗಳು ಅಂಜ್ತಾವ.

ಮುಂದಕ ಓಡಿಸ್ತಿ? ಓಡಸು.

…ಅಲ್ಲೂ ಅದ. ಇನ್ನಷ್ಟು ಮುಂದಕ್ಕಾ?

…ಅಲ್ಲೂ.

ಹನ್ನೊಂದು ಸಲ ಅಕ್ಕಾ. ಹ್ಯಾಂಗೂ ಒಂದು ಹಾಡು ಕೆಟ್ಟದಲ್ಲ, ಇನ್ನೊಂದು ಕೆಟ್ರೇನು ಅಂತ… ಆಮ್ಯಾಲೆ ರಸ್ತೆ ದಾಟಾಕ ಹೊತ್ತಿತ್ತು. ಬೇಕಾದಷ್ಟು ಹೊತ್ತಿತ್ತು. ದಾಟ್ಲಿಲ್ಲ. ಹೊಸಾ ಕ್ಯಾಸೆಟ್ಟು ತಂದ್ರ ಮೊದ್ಲು ಮಾಡಿದ್ದು ತಪ್ಪಂತ ಒಪ್ಪಿದಂಗ ಆಗ್ತದಲ್ಲ, ಅದಕ್ಕ ಇದರಾಗ ತುಂಬಿಸಿಕೋತ ಹೋದೆ. ಆಟ ಗೆದ್ದೆ. ಐದೂ ಮಂದಿ ಬದಕಿ ಬಂದರು. 'ಶಾಬಾಶ್' ಅಂತ ಇಂಗ್ಲಿಷಿನ್ಯಾಗ ಒಂದು ಸಾಲು ಬಂತು. ಅಷ್ಟ.

ತಡಿ! ಬಂದ್ ಮಾಡಬ್ಯಾಡ. ಕಡೀಗಿ ಒಂದೀಟು ಉಳದದ. ಈಗ ಬರ್ತದ… ಈಗ…

'ಸಾಕಾತೇನಲೇ ಜಹೀರಾ? ಇನ್ನ ಬಂದ್ ಮಾಡು.'

ಕೇಳ್ದಿ? ಹಿಂದ ಕೋಳೀನೂ ಅದ. ಅಷ್ಟ ಉಳದದ ಅಕ್ಕಾ.

ಬೈ ನನಗ. ಚಪ್ಲಿ ತಗೋ. ಏನರ ಅನ್ನು… ಹಿಂದಕ ಸುತ್ತಾಕತ್ತೀಯಾ? ಮತ್ತ ಅದನ್ನ ಕೇಳ್ತೀಯಾ?… ಕೇಳು. ಕೇಳವ್ವಾ.

…ಇದು ಐದನೇ ಸಲ ನೀ ಕೇಳಾಕತ್ತದ್ದು.

ಬಸ್ಸು ಹಾರ್ನ್ ಹೊಡ್ಯಾಕತ್ತದ. ಬಸಲಿಂಗಮ್ಮಗ ಏನಂತ ಹೇಳ್ತಿ? ನಾನೂ ಬರ್ತೀನಿ ನಡಿ, ನಾನ ಹೇಳ್ತೀನಿ ಆ ಕೂಸಿಗಿ… ಬ್ಯಾಡಾ? ಮತ್ತ ನಾಳಿ ಎಂಟಕ್ಕ ಬರ್ಲೋ, ಬ್ಯಾಡೋ… ಅದೊಂದರ ಹೇಳು ಅಕ್ಕಾ.